ಮುಚ್ಚಳಿಕೆಯೆಂಬ ಗುಮ್ಮ

ನಮ್ಮ ಸಂಘದ ಕಳೆದ ಮಾಸಿಕ ಕೂಟದಲ್ಲಿ ಹಿರಿಯರೊಬ್ಬರು ಆಡಿದ ಮಾತಿಗೆ ಅಂದೇ ಉತ್ತರ ಹೇಳದೆ ಮನೆಗೆ ಬಂದುದು ನಮ್ಮ ತಪ್ಪು. ವಯಸ್ಸಿನಲ್ಲಿಯೂ ವಿದ್ಯೆಯಲ್ಲಿಯೂ ದೊಡ್ಡವರಾದ ಅವರೆದುರು ನಾಲಗೆ ಏಳಲಿಲ್ಲ. ಖಾಸಗಿ ಶಾಲೆಗಳಿಗೆ ಅಧ್ಯಾಪಕರಾಗಿ ಸೇರುವ ನಮ್ಮ ಹುಡುಗ ಹುಡುಗಿಯರು ಮೂರು ವರ್ಷ ದುಡಿಯುವೆವೆಂದು ಮುಚ್ಚಳಿಕೆ ಬರೆದುಕೊಟ್ಟು, ಸರಕಾರಿ ನೌಕರಿಯ ಕರೆ ಬಂದೊಡನೆ ನಡುವಿನಲ್ಲಿಯೇ ರಾಜೀನಾಮೆಯಿತ್ತು ಹೋಗುತ್ತಾರೆ. ಇಂಥವರ ಮೇಲೆ ಮ್ಯಾನೇಜರುಗಳು ದಾವೆ ಹೂಡುವುದೇ ಸರಿ. ಕೊಟ್ಟ ಮಾತಿಗೆ ತಪ್ಪುವ ಈ ಪೀಳಿಗೆಗೆ ಪುಣ್ಯಕೋಟಿಯ ಕಥೆಯನ್ನು ಇನ್ನೊಮ್ಮೆ ಓದಿಸಬೇಕು. ಇದು ಅವರ ಮಾತಿನ ಸಾರ. ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಪುಣ್ಯಕೋಟಿಯ ಕಥೆಯನ್ನು ವರ್ಷ ವರ್ಷವೂ ಮಕ್ಕಳಿಗೆ ಹೇಳಿಕೊಡುವವರು ನಾವು. ಅದನ್ನು ನಮಗೆ ಬೇರೊಬ್ಬರು ಓದಿಸಬೇಕಾಗಿಲ್ಲ. ಆ ಹುಲಿಯು ಹಸುವನ್ನು ಬರಿಯ ಮಾತಿನ ಮೇಲೆ ಬಿಟ್ಟಿತು. ಕರುವನ್ನು ತಂದು ಒತ್ತೆಯಿಡೆನ್ನಲಿಲ್ಲ; ದೊಡ್ಡಿಯ ಇನ್ನೊಂದು ಹಸುವಿನ ಜಾಮೀನು ಬೇಡಲಿಲ್ಲ. ನಮ್ಮ ಮ್ಯಾನೇಜರುಗಳು ಇವೆರಡನ್ನೂ ಕೇಳುತ್ತಾರೆ, ಮೇಲೆ ರುಜು ಹಾಕಿದ ಎರಡು ಖಾಲಿ ಚೆಕ್ಕುಗಳನ್ನೂ ಕೇಳುತ್ತಾರೆ. ಹೀಗೆ ಒತ್ತೆ ಇಟ್ಟುಕೊಂಡ ಮೇಲೆ ಸತ್ಯವಾಕ್ಯದ ಹಿರಿಮೆಯನ್ನು ಕುರಿತು ಉಪನ್ಯಾಸ ಮಾಡುವ ಅಧಿಕಾರ ಅವರಿಗಾಗಲಿ, ಅವರ ಪರವಾಗಿ ಮಾತಾಡುವ ನಮ್ಮ ಹಿರಿಯರಿಗಾಗಲಿ ಎಲ್ಲಿಂದ ಬಂತು?

ಆದರೆ ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಶಾಲೆಯ ವರ್ಷದ ನಡುವೆ ಅಧ್ಯಾಪಕ ಎದ್ದು ಹೋದರೆ ಮಕ್ಕಳಿಗೆ ನಷ್ಟ. ಅದರಲ್ಲಿಯೂ ನಮ್ಮ ಕಾಸರಗೋಡಿನ ಕಡೆ ಕನ್ನಡ ಮಾಧ್ಯಮದ ಒಂದು ತರಗತಿ ತೆರವಾದರೆ ಅಲ್ಲಿಗೆ ಕನ್ನಡ ಬಲ್ಲವರೇ ಬರುವರೆಂಬ ಭರವಸೆಯಿಲ್ಲ. ನಾವೇ ಒಂದು ಖಾಸಗಿ ಶಾಲೆಯ ಮೂರನೆಯ ತರಗತಿಯನ್ನು ೨೦೧೩ರ ನವೆಂಬರಿನಲ್ಲಿ ಬಿಟ್ಟು ಬಂದವರು. ಕೆಲವು ವರ್ಷಗಳ ಬಳಿಕ ಕುಂಬಳೆ ಆಯನದ ಗದ್ದಲದಲ್ಲಿ ಎತ್ತರಕ್ಕೆ ಬೆಳೆದ ಹುಡುಗನೊಬ್ಬ ಎದುರು ನಿಂತು, “ಟೀಚರ್, ನೀವು ನಮ್ಮ ಕಾಪಿ ಪುಸ್ತಕ ಕೊಡದೇ ಹೋದ್ರಲ್ಲ” ಎಂದ. ಆ ಪುಸ್ತಕಗಳನ್ನು ತಿದ್ದಿ ಮೇಜಿನ ಮೇಲಿರಿಸಿದ್ದೆವು. ಹಂಚಲು ಒಳಗೆ ಬಿಡಲಿಲ್ಲ. ಆದರೆ ಹುಡುಗನಿಗೆ ಅದನ್ನು ಹೇಗೆ ಹೇಳುವುದು? ಆದುದರಿಂದ ನೋಟೀಸಿನ ಅವಧಿಯನ್ನು ಪಾಲಿಸಬೇಕು, ಹಾಜರಿ ಪುಸ್ತಕ ಅಂಕಪಟ್ಟಿಗಳನ್ನು ಒಪ್ಪಿಸಿಯೇ ಹೊರಡಬೇಕು ಎಂಬುದರಲ್ಲಿ ನಮಗೂ ಹಿರಿಯರಿಗೂ ಭಿನ್ನಾಭಿಪ್ರಾಯವಿಲ್ಲ. ನಮ್ಮ ಜಗಳವಿರುವುದು ಮುಚ್ಚಳಿಕೆಯೊಡನೆ. ಅದಕ್ಕಿಂತ ಹೆಚ್ಚಾಗಿ, ಅದರ ಹೆಸರಿನಲ್ಲಿ ಬಿತ್ತುವ ಭಯದೊಡನೆ.

ಈ ಮುಚ್ಚಳಿಕೆ, ಅಂದರೆ ಈಗಿನವರು ‘ಬಾಂಡು’ ಎನ್ನುವ ಕಾಗದ, ಎಂಥದೆಂಬುದನ್ನು ನೋಡದವರು ನೋಡಬೇಕು. ಅಧ್ಯಾಪಕನು ಮೂರು ವರ್ಷ ಬಿಡಬಾರದು. ಬಿಟ್ಟರೆ ಲಕ್ಷ ರೂಪಾಯಿ ತೆರಬೇಕು. ಮ್ಯಾನೇಜರು ಮಾತ್ರ ಒಂದು ತಿಂಗಳ ನೋಟೀಸು ಕೊಟ್ಟು, ಕಾರಣ ಹೇಳದೆ, ಅಧ್ಯಾಪಕನನ್ನು ತೆಗೆಯಬಹುದು. ಬಿಟ್ಟ ಮೇಲೆ ಎರಡು ವರ್ಷ ಇಪ್ಪತ್ತೈದು ಮೈಲಿಯೊಳಗಿನ ಯಾವ ಶಾಲೆಯಲ್ಲಿಯೂ ಕಲಿಸಬಾರದು. ಮೂಲ ಪ್ರಮಾಣಪತ್ರಗಳು ಶಾಲೆಯ ಕಪಾಟಿನಲ್ಲಿರಬೇಕು. ತಂದೆಯೋ ಮಾವನೋ ಜಾಮೀನುದಾರನಾಗಿ ರುಜು ಹಾಕಬೇಕು. ಇಷ್ಟೆಲ್ಲ ಇಂಗ್ಲಿಷಿನಲ್ಲಿ, ಛಾಪಾ ಕಾಗದದ ಮೇಲೆ! ಕನ್ನಡ ಕಲಿಸುವುದಕ್ಕಾಗಿ ನೇಮಕವಾದವಳು ತನ್ನ ನೇಮಕದ ಕಾಗದವನ್ನು ಓದಲಾರಳು. ಓದದೆ ರುಜು ಹಾಕಿದೆನೆಂಬ ಒಂದೇ ಕಾರಣಕ್ಕೆ ನ್ಯಾಯಾಲಯವು ಅವಳನ್ನು ಬಿಡುವುದೂ ಇಲ್ಲ. ವಂಚನೆಯನ್ನೋ ಬಲವಂತವನ್ನೋ ತೋರಿಸದ ಹೊರತು ರುಜು ರುಜುವೇ.

ಈಗ ಕಾನೂನಿನ ವಿಚಾರ. ನಾವು ವಕೀಲರಲ್ಲ, ಟಿ.ಟಿ.ಸಿ. ಕಲಿತ ಪ್ರಾಥಮಿಕ ಶಾಲೆಯ ಅಧ್ಯಾಪಕರು. ಆದರೂ ಪೆಟ್ಟು ತಿಂದವರು ಮದ್ದು ಹುಡುಕಿ ತಿಳಿದುಕೊಂಡಷ್ಟು ತಿಳಿದುಕೊಂಡಿದ್ದೇವೆ.

ಅವಧಿಗೆ ಮುನ್ನ ಕೆಲಸ ಬಿಟ್ಟವನನ್ನು ಪೋಲೀಸರು ಹಿಡಿಯುತ್ತಾರೆಂಬ ಗುಮ್ಮನನ್ನು ಮೊದಲು ಓಡಿಸೋಣ. ಅಂಥ ಕಾಲವೊಂದಿತ್ತು. ೧೮೫೯ರ ಕೆಲಸಗಾರರ ಕರಾರುಭಂಗ ಕಾಯಿದೆಯ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟವನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕಾಗುತ್ತಿತ್ತು. ಹಣ ಹಿಂತಿರುಗಿಸದೆ, ಕೆಲಸಕ್ಕೂ ಮರಳದೆ ಹೋದರೆ ಮೂರು ತಿಂಗಳ ತನಕ ಸೆರೆ. ನೀಲಗಿರಿ ವಯನಾಡುಗಳ ತೋಟಗಳಿಗೆ ಮೈಸೂರಿನಿಂದಲೂ ನಮ್ಮ ದಕ್ಷಿಣ ಕನ್ನಡದಿಂದಲೂ ಮೇಸ್ತ್ರಿಗಳ ಮುಂಗಡ ಪಡೆದು ಘಟ್ಟ ಹತ್ತಿದ ಜನ ಈ ಬಲೆಯಲ್ಲಿ ಸಿಕ್ಕಿದವರೇ. ತೋಟದೊಡೆಯರಿಗೆ ಅದೂ ಸಾಲದೆ ಮದರಾಸಿನಲ್ಲಿ ೧೯೦೩ರಲ್ಲಿ ಪ್ರತ್ಯೇಕವಾದ ತೋಟಗಾರರ ಕೂಲಿ ಕಾಯಿದೆಯೊಂದು ಬಂತು. ಮಾನಂದವಾಡಿಯ ಬಳಿಯ ವಳ್ಳಿಯೂರುಕಾವಿನ ಉತ್ಸವದಲ್ಲಿ ಪಣಿಯರ ಕೈಗೆ ಒಂದಿಷ್ಟು ಹಣವಿಟ್ಟು ವರ್ಷದ ಮಟ್ಟಿಗೆ ಅವರನ್ನು ಜಮೀನುದಾರರು ಕಟ್ಟಿಹಾಕುತ್ತಿದ್ದ ಪದ್ಧತಿಯನ್ನು ಆ ಕಡೆಯ ನಮ್ಮ ಕನ್ನಡಿಗರು ಬಲ್ಲರು. ೧೮೫೯ರ ಕಾಯಿದೆಯನ್ನು ೧೯೨೫ರ ರದ್ದತಿ ಕಾಯಿದೆ ತೊಡೆದುಹಾಕಿತು. ದಂಡಸಂಹಿತೆಯಲ್ಲಿ ಸೇವಾ ಕರಾರಿನ ಭಂಗವನ್ನು ಕುರಿತಿದ್ದ ಮೂರು ಕಲಮುಗಳ ಪೈಕಿ ಎರಡು ಅದರೊಡನೆಯೇ ಹೋದವು. ಉಳಿದುದೊಂದು ಈಗಿನ ನ್ಯಾಯ ಸಂಹಿತೆಯ ೩೫೭ನೆಯ ಕಲಮಾಗಿ ಬಂದಿದೆ. ಎಳೆತನದಿಂದಲೋ ರೋಗದಿಂದಲೋ ಅಸಹಾಯರಾದವರ ಆರೈಕೆಗೆ ಒಪ್ಪಿಕೊಂಡು ಕೈಬಿಡುವವರ ಮಾತು ಅದು; ನೋಟೀಸು ಕೊಟ್ಟು ತರಗತಿ ಬಿಡುವ ಅಧ್ಯಾಪಕನಿಗೆ ಹೊಂದುವಂಥದಲ್ಲ. ೧೯೭೬ರಲ್ಲಿ ಜೀತಪದ್ಧತಿಯೇ ಕಾಯಿದೆಯ ಮೂಲಕ ರದ್ದಾಯಿತು. ಇಷ್ಟಾದ ಮೇಲೂ “ಪೋಲೀಸು ಕೇಸು ಹಾಕಿಸುತ್ತೇನೆ” ಎಂದು ಗದರಿಸುವ ಮ್ಯಾನೇಜರು ಇನ್ನೂ ೧೮೫೯ರಲ್ಲಿಯೇ ಇದ್ದಾನೆ.

ಬಲಾತ್ಕಾರದಿಂದ ದುಡಿಸುವುದೂ ಆಗದು. ವ್ಯಕ್ತಿಯೊಬ್ಬನ ಸ್ವಂತ ಸೇವೆಯನ್ನು ಅವಲಂಬಿಸಿದ ಕರಾರನ್ನು ನಡೆಸಿಯೇ ತೀರೆಂದು ನ್ಯಾಯಾಲಯ ಆಜ್ಞೆ ಮಾಡುವುದಿಲ್ಲ. ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯ ೧೪ನೆಯ ಕಲಮು ಅದಕ್ಕೆ ಅಡ್ಡ. ಬಿಟ್ಟ ಮೇಲೆ ಇಪ್ಪತ್ತೈದು ಮೈಲಿಯೊಳಗೆ ಕಲಿಸಬಾರದೆಂಬ ಷರತ್ತಂತೂ ೧೮೭೨ರ ಕರಾರು ಕಾಯಿದೆಯ ೨೭ನೆಯ ಕಲಮಿನೆದುರು ಅಸಿಂಧು. ಸೇವೆ ಮುಗಿದ ಮೇಲಿನ ಇಂಥ ನಿರ್ಬಂಧ ನಿಲ್ಲದೆಂದು ಸರ್ವೋಚ್ಚ ನ್ಯಾಯಾಲಯ ೧೯೮೦ರಲ್ಲಿ ಹೇಳಿದೆ. ಆದರೆ ಅವಧಿಯ ಒಳಗಿನ ನಿರ್ಬಂಧದ ಮಾತು ಬೇರೆ. ಕಲ್ಯಾಣದ ಸೆಂಚುರಿ ಗಿರಣಿಯಲ್ಲಿ ಐದು ವರ್ಷದ ಕರಾರಿನ ಮೇಲೆ ಸೇರಿದ ಪಾಳಿಯ ಮೇಲ್ವಿಚಾರಕನೊಬ್ಬ ನಡುವಿನಲ್ಲಿ ಬಿಟ್ಟು, ಅದೇ ಬಗೆಯ ಸರಕು ಮಾಡುವ ಪ್ರತಿಸ್ಪರ್ಧಿಯ ಬಳಿ ಸೇರಿದಾಗ, ಕರಾರಿನ ಅವಧಿ ಮುಗಿಯುವವರೆಗೆ ಹಾಗೆ ದುಡಿಯಬಾರದೆಂಬ ತಡೆಯಾಜ್ಞೆಯನ್ನು ೧೯೬೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅಲ್ಲಿ ಪರದೇಶದಿಂದ ಪಡೆದ ತಾಂತ್ರಿಕ ಗುಟ್ಟುಗಳನ್ನು ಕಾಪಾಡುವ ಪ್ರಶ್ನೆಯಿತ್ತು. ಮೂರನೆಯ ತರಗತಿಯ ಮಗ್ಗಿಯಲ್ಲಿ ಯಾವ ಗುಟ್ಟಿದೆಯೋ ನಾವರಿಯೆವು.

ಉಳಿದುದು ಹಣ. ನಿಜವಾದ ಅಪಾಯವಿರುವುದು ಇಲ್ಲಿಯೇ; ಅದನ್ನು ಮರೆಮಾಚಿ ತರುಣರಿಗೆ ಪೊಳ್ಳು ಧೈರ್ಯ ಹೇಳುವುದು ನಮ್ಮ ಉದ್ದೇಶವಲ್ಲ. ಕರಾರು ಮುರಿದವನು ನಷ್ಟ ತುಂಬಿಕೊಡಬೇಕು. ಬಿಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಲು ಮ್ಯಾನೇಜರಿಗೆ ಅವಕಾಶವಿದೆ. ಆದರೆ ಕರಾರು ಕಾಯಿದೆಯ ೭೪ನೆಯ ಕಲಮು ಏನೆನ್ನುತ್ತದೆ? ಕಾಗದದಲ್ಲಿ ಬರೆದ ಮೊತ್ತವನ್ನು ಮೀರದಂತೆ ನ್ಯಾಯಸಮ್ಮತವಾದ ಪರಿಹಾರ ಸಲ್ಲಬೇಕು ಎನ್ನುತ್ತದೆ. ಅಂದರೆ ಲಕ್ಷವೆಂದು ಬರೆದರೆ ಆ ಲಕ್ಷ ಮೇಲಿನ ಅಂಚು. ಅದರ ಕೆಳಗೆ ಎಷ್ಟು ಎಂಬುದನ್ನು ನ್ಯಾಯಾಧೀಶರು ನಷ್ಟವನ್ನು ನೋಡಿ ಹೇಳಬೇಕು. ೧೯೬೩ರ ಫತೇಚಂದ್ ಮೊಕದ್ದಮೆಯಿಂದ ಈ ತತ್ತ್ವ ಸ್ಥಿರವಾಗಿದೆ. ನಷ್ಟವನ್ನು ಅಳೆಯುವುದು ಕಷ್ಟವಾದಲ್ಲಿ, ಬರೆದ ಮೊತ್ತವು ಪ್ರಾಮಾಣಿಕವಾದ ಮುನ್ನಂದಾಜಾಗಿದ್ದರೆ, ಅದನ್ನೇ ಕೊಡಿಸಬಹುದೆಂದು ೨೦೦೩ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಹೇಳಿರುವುದೂ ಉಂಟು. ಆದುದರಿಂದ ಮ್ಯಾನೇಜರು ತರಬೇತಿಗೆಂದು ಊರಿಂದೂರಿಗೆ ಕಳುಹಿಸಿ ಖರ್ಚು ಮಾಡಿದ್ದರೆ ಆ ಖರ್ಚನ್ನು ಕೊಡಬೇಕಾದೀತು. ನಮಗೆ ಕೊಟ್ಟ ತರಬೇತಿ ಯಾವುದೆಂದರೆ, ಸೇರಿದ ದಿನ ಘಂಟೆ ಬಾರಿಸುವ ಹೊತ್ತುಗಳ ಪಟ್ಟಿಯನ್ನು ಕೈಗೆ ಕೊಟ್ಟದ್ದು.

ನಮ್ಮ ಹಿರಿಯರು ಸಭೆಯಲ್ಲಿ ಪತ್ರಿಕೆಯ ತುಣುಕೊಂದನ್ನು ಎತ್ತಿ ತೋರಿಸಿದರು. ಮಂಗಳೂರಿನಲ್ಲಿ ೧೯೩೧ರಲ್ಲಿ ಹುಟ್ಟಿ ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾದ ವಿಜಯಾ ಬ್ಯಾಂಕಿನ ಮೊಕದ್ದಮೆ ಅದು. ೨೦೦೭ರಲ್ಲಿ ಸೇರಿದ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮುನ್ನ, ೨೦೦೯ರಲ್ಲಿ, ಬೇರೆ ಬ್ಯಾಂಕಿಗೆ ಹೋಗಲೆಂದು ರಾಜೀನಾಮೆಯಿತ್ತರು. ಮುಚ್ಚಳಿಕೆಯ ಎರಡು ಲಕ್ಷವನ್ನು ಆಕ್ಷೇಪಣೆಯೊಡನೆ ಕಟ್ಟಿ, ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಸರ್ವೋಚ್ಚ ನ್ಯಾಯಾಲಯ ೨೦೨೫ರ ಮೇ ೧೪ರಂದು ಆ ತೀರ್ಪನ್ನು ತಿರುಗಿಸಿ, ಷರತ್ತು ಸಿಂಧುವೆಂದಿತು. “ನೋಡಿದಿರಾ” ಎಂದರು ಹಿರಿಯರು. ನೋಡಿದೆವು, ಮನೆಗೆ ಬಂದು ತೀರ್ಪನ್ನೂ ನೋಡಿದೆವು. ಅಲ್ಲಿ ಕೊಟ್ಟಿರುವ ಕಾರಣಗಳೇನು? ಸರಕಾರಿ ಬ್ಯಾಂಕು ತನಗೆ ಬೇಕಾದವರನ್ನು ಮನಬಂದಂತೆ ಕರೆದು ಕೂರಿಸುವಂತಿಲ್ಲ. ಬಹಿರಂಗ ಜಾಹೀರಾತು, ಸ್ಪರ್ಧೆ, ಆಯ್ಕೆ ಎಂದು ಹಣವೂ ಕಾಲವೂ ವ್ಯಯವಾಗುತ್ತವೆ. ರಾಜೀನಾಮೆಯಿತ್ತವರು ಒಳ್ಳೆಯ ಸಂಬಳದ ಮೇಲ್ದರ್ಜೆಯ ಅಧಿಕಾರಿ. ಎರಡು ಲಕ್ಷವೆಂಬುದು ಅವರಿಗೆ ಬಿಡುಗಡೆಯ ಬಾಗಿಲನ್ನೇ ಮುಚ್ಚಿಬಿಡುವಂಥ ಮೊತ್ತವಲ್ಲ. ಜೊತೆಗೆ, ಒಂದೇ ಪಕ್ಷ ಬರೆದು ಇನ್ನೊಂದು ಪಕ್ಷಕ್ಕೆ ರುಜು ಹಾಕುವುದು ಬಿಟ್ಟು ದಾರಿಯಿಲ್ಲದ ಕರಾರುಗಳನ್ನು ಎಚ್ಚರದಿಂದ ಪರೀಕ್ಷಿಸಬೇಕೆಂಬ ಮಾತೂ ಆ ತೀರ್ಪಿನಲ್ಲಿದೆ.

ಈ ಕಾರಣಗಳನ್ನು ನಮ್ಮ ಖಾಸಗಿ ಶಾಲೆಗೆ ಹಿಡಿದು ನೋಡಿ. ಶನಿವಾರ ಫೋನು ಮಾಡಿ ಸೋಮವಾರ ತರಗತಿಗೆ ನಿಲ್ಲಿಸುವ ಮ್ಯಾನೇಜರಿಗೆ ಯಾವ ಜಾಹೀರಾತಿನ ಖರ್ಚು? ತಿಂಗಳಿಗೆ ಹತ್ತು ಸಾವಿರ ಕೊಟ್ಟು ಲಕ್ಷದ ಮುಚ್ಚಳಿಕೆ ಬರೆಸಿಕೊಂಡರೆ, ಹತ್ತು ತಿಂಗಳು ಉಪವಾಸವಿದ್ದು ದುಡಿದರೂ ಬಿಡುಗಡೆಯಿಲ್ಲವೆಂದಾಯಿತು. ಬಾಗಿಲು ಮುಚ್ಚಿದ್ದಲ್ಲವೇ ಇದು? ಕೆಳಗಿನ ನ್ಯಾಯಾಲಯವೊಂದು ಇದನ್ನು ಹೇಗೆ ಎಣಿಸೀತೆಂದು ನಾವು ಮಾತು ಕೊಡಲಾರೆವು. ಆದರೆ ಆ ತೀರ್ಪನ್ನು ಬೀಸುಬಡಿಗೆಯಂತೆ ತಿರುಗಿಸುವವರು ಅದನ್ನು ಮೊದಲು ಪೂರ್ತಿಯಾಗಿ ಓದಬೇಕೆಂಬುದು ನಮ್ಮ ವಿನಂತಿ.

ದಾವೆ ಮುನ್ಸೀಫರ ಮುಂದೆ ಬಂದರೆ ಭಯವಿಲ್ಲ. ಅಲ್ಲಿ ಮಾತಿಗೆ ಮಾತು ನಡೆಯುತ್ತದೆ. ನಮ್ಮವರು ಸೋಲುವುದು ನ್ಯಾಯಾಲಯದ ಹೊರಗೆ, ಮ್ಯಾನೇಜರ ಕೋಣೆಯಲ್ಲಿ. ನಾವು ಸೋತದ್ದೂ ಅಲ್ಲಿಯೇ. ೨೦೧೨ರಲ್ಲಿ ಆರು ಸಾವಿರದ ಸಂಬಳಕ್ಕೆ ಸೇರುವಾಗ ಐವತ್ತು ಸಾವಿರದ ಮುಚ್ಚಳಿಕೆಗೆ ರುಜು ಹಾಕಿದೆವು. ಹತ್ತನೆಯ ತರಗತಿಯದು, ಟಿ.ಟಿ.ಸಿ.ಯದು ಎಂದು ಮೂಲ ಪ್ರಮಾಣಪತ್ರಗಳನ್ನೆಲ್ಲ ಒಪ್ಪಿಸಿದೆವು. ಹದಿನಾಲ್ಕು ತಿಂಗಳ ಬಳಿಕ ಪಿ.ಎಸ್.ಸಿ.ಯ ನೇಮಕದ ಆದೇಶ ಬಂತು. ಕೆಲಸಕ್ಕೆ ಹಾಜರಾಗುವಾಗ ಮೂಲ ಪತ್ರಗಳನ್ನು ತೋರಿಸಬೇಕು, ದಿನ ಗೊತ್ತಾಗಿದೆ, ಪತ್ರಗಳು ಕಪಾಟಿನಲ್ಲಿವೆ, ಬೀಗದ ಕೈ ಮ್ಯಾನೇಜರ ಜೇಬಿನಲ್ಲಿದೆ. ಇಂಥ ಹೊತ್ತಿನಲ್ಲಿ ೭೪ನೆಯ ಕಲಮು ಯಾರಿಗೆ ನೆನಪಾಗುತ್ತದೆ? ಅಮ್ಮ ತನ್ನ ಎರಡು ಬಳೆಗಳನ್ನು ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟರು. ನಲವತ್ತು ಸಾವಿರಕ್ಕೆ ‘ರಾಜಿ’ಯಾಯಿತು. ರಶೀದಿ ಕೊಡಲಿಲ್ಲ.

ಆಮೇಲೆ ಗೊತ್ತಾಯಿತು, ಆ ಪತ್ರಗಳನ್ನು ಒತ್ತೆಯಾಗಿ ಹಿಡಿದಿಡುವ ಅಧಿಕಾರವೇ ಅವರಿಗಿರಲಿಲ್ಲವೆಂದು. ಬಾಕಿಯ ಭದ್ರತೆಗಾಗಿ ಇತರರ ಸರಕನ್ನು ಹಿಡಿದಿಟ್ಟುಕೊಳ್ಳಬಲ್ಲವರು ಯಾರೆಂದು ಕರಾರು ಕಾಯಿದೆಯ ೧೭೧ನೆಯ ಕಲಮು ಹೆಸರಿಸಿ ಹೇಳಿದೆ: ಬ್ಯಾಂಕಿನವರು, ವ್ಯಾಪಾರದ ಏಜಂಟರು, ಹಡಗುಕಟ್ಟೆಯ ಯಜಮಾನರು, ಉಚ್ಚ ನ್ಯಾಯಾಲಯದ ಅಟಾರ್ನಿಗಳು, ವಿಮೆಯ ದಲಾಲರು. ಬೇರೆಯವರಿಗೆ ಸ್ಪಷ್ಟವಾದ ಕರಾರಿಲ್ಲದೆ ಆ ಹಕ್ಕಿಲ್ಲ. ಶಾಲೆಯ ಮ್ಯಾನೇಜರು ಈ ಪಟ್ಟಿಯಲ್ಲಿಲ್ಲ. ನಮ್ಮ ಮುಚ್ಚಳಿಕೆಯಲ್ಲಿ ಪತ್ರಗಳನ್ನು ‘ಪರಿಶೀಲನೆಗಾಗಿ’ ಪಡೆಯುವುದೆಂದಷ್ಟೇ ಇತ್ತು. ಪರಿಶೀಲನೆ ಹದಿನಾಲ್ಕು ತಿಂಗಳು ನಡೆಯಿತು!

ಇನ್ನು ಖಾಲಿ ಚೆಕ್ಕು. ಮುಚ್ಚಳಿಕೆಗಿಂತ ನೂರು ಪಾಲು ಕೆಟ್ಟದ್ದು ಇದು. ಇದನ್ನು ಮಾತ್ರ ಯಾರೂ ಹಗುರವಾಗಿ ಎಣಿಸಬಾರದು. ಕರಾರುಭಂಗ ಸಿವಿಲ್ ವ್ಯಾಜ್ಯ. ಚೆಕ್ಕು ಹಿಂತಿರುಗಿದರೆ ೧೮೮೧ರ ವರ್ಗಾವಣೀಯ ಪತ್ರಗಳ ಕಾಯಿದೆಯ ೧೩೮ನೆಯ ಕಲಮಿನಂತೆ ಅದು ಅಪರಾಧ. ಎರಡು ವರ್ಷದ ತನಕ ಸೆರೆ, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರ ತನಕ ದಂಡ, ಅಥವಾ ಎರಡೂ. ರುಜು ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಪಡೆದವನು ತುಂಬಿಸಿಕೊಂಡರೂ, ಅದು ಸಾಲಕ್ಕೆಂದೇ ಕೊಟ್ಟದ್ದೆಂಬ ಊಹೆ ಕಾನೂನಿನಲ್ಲಿದೆಯೆಂದು ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಋಣವಿಲ್ಲವೆಂದು ತೋರಿಸುವ ಹೊರೆ ಕೊಟ್ಟವನ ಹೆಗಲಿಗೆ ಬೀಳುತ್ತದೆ. ನ್ಯಾಯಾಧೀಶರು ಅಳೆದು ಹೇಳಬೇಕಾದ ನಷ್ಟವನ್ನು ಮ್ಯಾನೇಜರು ತನ್ನ ಲೇಖನಿಯಿಂದ ತಾನೇ ಬರೆದುಕೊಳ್ಳುವ ಉಪಾಯವಿದು. ಒಂದು ಸಂಗತಿ ನೆನಪಿಡತಕ್ಕದ್ದು: ಚೆಕ್ಕು ಹಿಂತಿರುಗಿದ ಸುದ್ದಿ ತಿಳಿದ ಮೂವತ್ತು ದಿನದೊಳಗೆ ಅವರು ನೋಟೀಸು ಕಳುಹಿಸಬೇಕು, ಅದು ತಲುಪಿದ ಮೇಲೆ ಕೊಟ್ಟವನಿಗೆ ಹದಿನೈದು ದಿನದ ಅವಕಾಶವಿದೆ. ಆ ನೋಟೀಸನ್ನು ಮಡಚಿ ಮಾಡಿನ ಎಡೆಗೆ ಸಿಕ್ಕಿಸಿಡುವವರೇ ನಮ್ಮಲ್ಲಿ ಹೆಚ್ಚು. ತಂದೆಯ ಜಾಮೀನೂ ಲೆಕ್ಕಕ್ಕಿಲ್ಲದ ಶಿಷ್ಟಾಚಾರವಲ್ಲ. ೧೨೮ನೆಯ ಕಲಮಿನಂತೆ, ಬೇರೆ ಮಾತು ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಮೂಲ ಹೊಣೆಗಾರನಷ್ಟೇ.

ಇಷ್ಟಾದರೂ ನಾವು ಲೇಬರ್ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ. ಗೋವೆಯ ಶಾಲೆಯೊಂದರ ಅಧ್ಯಾಪಕಿಯ ಮೊಕದ್ದಮೆಯಲ್ಲಿ, ಅಧ್ಯಾಪಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕೆಲಸಗಾರರಲ್ಲವೆಂದು ೧೯೮೮ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ನಮ್ಮದು ಕೂಲಿಗಿಂತ ಮೇಲಾದ ಘನ ವೃತ್ತಿಯಂತೆ. ಘನತೆಗಾಗಿ ವಂದನೆಗಳು, ಸಂಬಳ ಮಾತ್ರ ಮೇಸ್ತ್ರಿಯ ಕೈಕೆಳಗಿನ ಆಳಿನದಕ್ಕಿಂತ ಕಡಿಮೆ.

ನಮ್ಮ ಕೋಪ ಮ್ಯಾನೇಜರುಗಳ ಮೇಲಿರುವುದಕ್ಕಿಂತ ನಮ್ಮ ಸಂಘದ ಮೇಲೆಯೇ ಹೆಚ್ಚು. ಭಾಷೆ ಉಳಿಯಬೇಕೆಂದು ಠರಾವು ಮಾಡುತ್ತೇವೆ. ಆ ಭಾಷೆಯನ್ನು ಕಲಿಸಹೊರಟ ಇಪ್ಪತ್ತೆರಡರ ಹುಡುಗಿ ಓದಲಾರದ ಕಾಗದಕ್ಕೆ ರುಜು ಹಾಕುವಾಗ ಪಕ್ಕದಲ್ಲಿ ಕುಳಿತು ನಾಲ್ಕು ಸಾಲು ಕನ್ನಡ ಮಾಡಿ ಹೇಳಲು ನಮ್ಮಲ್ಲಿ ಒಬ್ಬರಿಗೂ ಬಿಡುವಿಲ್ಲ. ಸದಸ್ಯರಲ್ಲಿ ವಕೀಲರಿದ್ದಾರೆ, ನಿವೃತ್ತ ಶಿರಸ್ತೇದಾರರಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ವಾಚನಾಲಯದಲ್ಲಿ ಕುಳಿತರೆ ಏನು ಹೋದೀತು? ಮುಚ್ಚಳಿಕೆಯ ಪ್ರತಿಯೊಂದನ್ನು ಕೇಳಿ ಪಡೆಯಿರಿ, ಮೂಲ ಪತ್ರ ತೋರಿಸಿ ನಕಲು ಮಾತ್ರ ಕೊಡಿ, ಚೆಕ್ಕು ಕೊಡಲೇಬೇಡಿ, ಬಿಡುವಾಗ ರಾಜೀನಾಮೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ನೋಟೀಸಿನ ತಿಂಗಳನ್ನು ದುಡಿದು ತೀರಿಸಿ, ಹೇಳದೆ ಕೇಳದೆ ಮಾಯವಾಗಬೇಡಿ ಎಂದಿಷ್ಟು ಹೇಳಿದರೆ ಸಾಕು. ಪತ್ರಗಳನ್ನು ಹಿಡಿದಿಟ್ಟರೆ ಶಿಕ್ಷಣಾಧಿಕಾರಿಗೆ ದೂರು ಬರೆಯಬೇಕು. ಅದನ್ನು ಕನ್ನಡದಲ್ಲಿಯೇ ಬರೆಯಬಹುದು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ ೩೫೦ನೆಯ ಅನುಚ್ಛೇದ ನಮಗೆ ಕೊಟ್ಟಿದೆ.

ಹೋದ ಭಾನುವಾರ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಥದೇ ಕಾಗದ ಹಿಡಿದು ತಂದೆಯೊಡನೆ ನಮ್ಮಲ್ಲಿಗೆ ಬಂದಿದ್ದಳು. ಚಾವಡಿಯಲ್ಲಿ ಕುಳಿತು ಒಂದೊಂದು ವಾಕ್ಯವನ್ನೂ ಕನ್ನಡ ಮಾಡಿ ಹೇಳಿದೆವು. ಚೆಕ್ಕಿನ ಷರತ್ತನ್ನು ಹೊಡೆದುಹಾಕಿದರೆ ಮಾತ್ರ ರುಜು ಹಾಕುವೆನೆಂದು ಅವಳು ಸೋಮವಾರ ಮ್ಯಾನೇಜರಿಗೆ ಹೇಳಿದಳಂತೆ. ಹಾಗಾದರೆ ಬೇರೆಯವರು ಸಾಲಿನಲ್ಲಿದ್ದಾರೆ ಎಂದರಂತೆ ಅವರು. ಅವಳು ಎದ್ದು ಬಂದಳು. ಬಂದ ಕೆಲಸವನ್ನು ನಾವು ಕೆಡಿಸಿದೆವೆಂದು ಅವಳ ತಂದೆ ಈಗ ನಮ್ಮೊಡನೆ ಮಾತು ಬಿಟ್ಟಿದ್ದಾರೆ. ನಿನ್ನೆ ಬಸ್ಸಿನಲ್ಲಿ ಪಕ್ಕದ ಜಾಗ ಖಾಲಿಯಿದ್ದರೂ ಕೂರಲಿಲ್ಲ.